ಸರಗೋಸಾದ ಚಾಕಲೇಟೂ ನನ್ನ ‘ಬ್ಯಾಡ’ವೂ

ಬೇಕಾದದ್ದನ್ನು ಬೇಕು ಎನ್ನುವ ವಿದ್ಯೆ ನನಗೆ ಹತ್ತಲೇ ಇಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಬೆಳೆದವರಿಗೆ ಅದು ಹತ್ತುವುದೂ ಇಲ್ಲ. ಹೋದಲ್ಲಿ ಚಹಾ ಬೇಕೇ ಎಂದರೆ ‘ಬ್ಯಾಡ್ರಿ, ಈಗ ಕುಡದ ಬಂದೀನಿ’ ಎನ್ನಬೇಕು. ಅವರು ‘ಅರ್ಧಾ ಕಪ್ಪರ ತಗೋರಿ’ ಎನ್ನಬೇಕು. ನಾವು ಮತ್ತೆ ಕೊಸರಾಡಬೇಕು. ಆಗ ಅವರು ಸಿಟ್ಟು ಬಂದವರಂತೆ ಮಾಡಿ ತುಂಬಿದ ಕಪ್ಪನ್ನೇ ಕೈಗಿಡಬೇಕು. ಇಷ್ಟು ನಡೆಯದೆ ಕುಡಿದ ಚಹಾ ನಮಗೆ ರುಚಿಸುವುದಿಲ್ಲ. ಆದರೆ ಎರಡನೆಯ ಸಲ ಕೇಳುವವರೇ ಇಲ್ಲದ ಊರಿನಲ್ಲಿ ಇದರ ಗತಿ ಏನು ಎಂಬುದು ಇಂಗ್ಲಿಷರ ನಾಡಿನ ಈ ಹೌನ್ಸ್ಲೋದಲ್ಲಿ ತಿಳಿಯಿತು.

ನಮ್ಮವರು ತೀರಿಕೊಂಡ ಮೇಲೆ ಈ ಫ್ಲಾಟಿನಲ್ಲಿ ನಾನೊಬ್ಬಳೇ. ಮಗ ಬೇರೆ ಬಡಾವಣೆಯಲ್ಲಿ, ಸಟನ್ನಿನಲ್ಲಿದ್ದಾನೆ, ಭಾನುವಾರ ಫೋನ್ ಮಾಡುತ್ತಾನೆ. ಉಳಿದ ದಿನ ನನ್ನೊಡನೆ ಮಾತಾಡುವವಳು ಬಸ್ಸಿನ ಸ್ಪೀಕರಿನೊಳಗಿಂದ ಸ್ಟಾಪಿನ ಹೆಸರು ಹೇಳುವ ಹೆಂಗಸು. ಅವಳೂ ನನ್ನ ಉತ್ತರಕ್ಕೆ ಕಾಯುವುದಿಲ್ಲ. ಹೀಗಿರುವಾಗ ಮಾರ್ಚ್ ಐದರಂದು ಎದುರು ಫ್ಲಾಟಿನ ಪಿಲಾರ್ ಬಾಗಿಲು ತಟ್ಟಿದಳು. ನನಗೆ ಎಷ್ಟು ಖುಷಿಯಾಯಿತೆಂದು ಹೇಳಿಕೊಳ್ಳಲು ನಾಚಿಕೆ.

ಪಿಲಾರ್ ಸ್ಪೇನಿನ ಸರಗೋಸಾದವಳು. ಅಂದು ಅವಳ ಊರಿನ ಹಬ್ಬ. ಬಾಗಿಲಲ್ಲೇ ನಿಂತು ಇತಿಹಾಸ ಹೇಳಿದಳು. ಸುಮಾರು ಇನ್ನೂರು ವರ್ಷಗಳ ಹಿಂದೆ, ಸಿಂಹಾಸನ ತನ್ನದೆಂದು ಹಟ ಹಿಡಿದ ರಾಜಕುಮಾರನೊಬ್ಬನ ಸೈನಿಕರು ನಸುಕಿನಲ್ಲಿ ಊರೊಳಗೆ ನುಗ್ಗಿದರಂತೆ. ನಿದ್ದೆಗಣ್ಣಿನ ಜನ ಕೈಗೆ ಸಿಕ್ಕಿದ್ದನ್ನು ಹಿಡಿದು ಬೀದಿಗಿಳಿದರು. ಹೆಂಗಸರು ಬಾಲ್ಕನಿಯಿಂದ ಕುದಿಯುವ ನೀರು ಸುರಿದರು. ಊರು ಗೆದ್ದಾಯಿತೆಂದು ಬಿಸಿ ಚಾಕಲೇಟ್ ತರಿಸಿಕೊಂಡು ಕೂತಿದ್ದ ಶತ್ರುಗಳ ಸೇನಾಪತಿ ಎದ್ದು ಓಡಬೇಕಾಯಿತು ಎಂದೂ ಕಥೆಯುಂಟಂತೆ.

“ಅದಕ್ಕೇ ಇವತ್ತು ನಾನೂ ಚಾಕಲೇಟ್ ಮಾಡಿದ್ದೀನಿ. ನಮ್ಮೂರಿನ ಗೆಳೆಯರೆಲ್ಲ ಬಂದಿದ್ದಾರೆ. ನೀವೂ ಬರ್ತೀರಾ?” ಎಂದಳು.

ನನ್ನ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು. ಬಾಯಿ ಮಾತ್ರ, “ನೋ ನೋ, ಈಗಷ್ಟೇ ಟೀ ಆಯ್ತು” ಎಂದುಬಿಟ್ಟಿತು.

“ಓ, ಓಕೆ!” ಎಂದು ನಕ್ಕು ಅವಳು ಹೊರಟೇಹೋದಳು. ನಾನು ಬಾಗಿಲು ಹಿಡಿದುಕೊಂಡು ಎರಡನೆಯ ಕರೆಗೆ ಕಾದೆ. ಎದುರು ಮನೆಯಲ್ಲಿ ನಗು ಎದ್ದಿತು. ಊರಿಗೆ ನುಗ್ಗಿದ ಶತ್ರುವಿಗೂ ಚಾಕಲೇಟ್ ಸಿಕ್ಕಿತ್ತು, ಕರೆಸಿಕೊಂಡ ನನಗಿಲ್ಲ. ಅಳು ಬಂತು. ಅದು ಚಾಕಲೇಟಿಗಾಗಿ ಬಂದ ಅಳುವಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮಗನಿಗೆ ಫೋನ್ ಹಚ್ಚಿದೆ. “ಅಮ್ಮಾ, ಯು ಸೆಡ್ ನೋ. ಶಿ ಹರ್ಡ್ ನೋ,” ಎಂದ.

“ಇನ್ನೊಂದ್ ಸಲ ಕೇಳಿದ್ರ ಅಕೀದೇನ್ ಗಂಟ್ ಹೋಗ್ತಿತ್ತೋ?”

“ನೆಕ್ಸ್ಟ್ ಟೈಮ್ ಜಸ್ಟ್ ಸೇ ಯೆಸ್.”

ಮರುದಿನ ಪಿಲಾರ್ ಮತ್ತೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ “ಯೆಸ್! ಶೂರ್!” ಎಂದೆ. ಅವಳು ಬೆರಗಾಗಿ, “ನಾನಿನ್ನೂ ಕೇಳೇ ಇಲ್ಲ, ಎಷ್ಟು ಒಳ್ಳೆಯವರು ನೀವು!” ಎಂದು ಕೈ ಹಿಡಿದುಕೊಂಡಳು. ಅವಳು ಊರಿಗೆ ಹೊರಟಿದ್ದಳು. ಕಸ ಒಯ್ಯುವ ಕೌನ್ಸಿಲ್ ಗಾಡಿ ಬರುವ ದಿನ ಅವಳ ರೀಸೈಕ್ಲಿಂಗ್ ಡಬ್ಬಿಯನ್ನು ನಾನು ಬೀದಿಗೆ ಇಡಬೇಕಿತ್ತು.

ಆ ದಿನ ಡಬ್ಬಿ ಎತ್ತಿಕೊಂಡಾಗ ಮೇಲೆಯೇ ಮೊನ್ನೆಯ ಹಬ್ಬದ ಕಾಗದದ ಲೋಟಗಳು ಕಂಡವು. ಅದಲುಬದಲಾಗದಿರಲೆಂದು ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು ಬರೆದಿದ್ದಳು. ಎಲ್ಲದರೊಳಗೂ ಚಾಕಲೇಟಿನ ಕಲೆ. ಒಂದು ಮಾತ್ರ ಸ್ವಚ್ಛವಾಗಿತ್ತು. ಅದರ ಮೇಲೆ, ಕಾಗುಣಿತ ತಪ್ಪಾಗಿ, ನನ್ನ ಹೆಸರಿತ್ತು.

ಅದನ್ನು ಒಳಗೆ ತಂದು ತೊಳೆದು ಚಹಾ ಸುರಿದುಕೊಂಡೆ. ಬೇಕೇ ಎಂದು ಯಾರೂ ಕೇಳಲಿಲ್ಲವಾದ್ದರಿಂದ, ಬೇಡ ಎನ್ನುವ ಪ್ರಮೇಯವೇ ಬರಲಿಲ್ಲ.