ಬಿಸಿನೆಸ್ ಲಾ ಮಾಸ್ತರನ ವ್ಯಾಪಾರ

ಬೇರೆ ಮಾಸ್ತರರ ಪಾಠ ತರಗತಿಯ ಬಾಗಿಲಲ್ಲೇ ಮುಗಿಯುತ್ತದೆ. ನನ್ನದು ಹಾಗಲ್ಲ. ನಾನು ಹೊರಗೆ ಬರುವಷ್ಟರಲ್ಲಿ ಅದು ಬಸ್ ಸ್ಟ್ಯಾಂಡ್ ಮುಟ್ಟಿ, ಬಜಾರ ಸುತ್ತಿ, ಕೆಲವೊಮ್ಮೆ ನನಗಿಂತ ಮೊದಲೇ ಮನೆಗೆ ಹೋಗಿ ಕುಂತಿರುತ್ತದೆ. ನಾನು ಕಲಿಸುವುದು ಬಿಸಿನೆಸ್ ಲಾ. ಸವದತ್ತಿಯ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಕಾಂ ಹುಡುಗರಿಗೆ ಕರಾರು ಎಂದರೇನು, ಒಪ್ಪಿಗೆ ಎಂದರೇನು ಎಂದು ಹೇಳಿಕೊಡುವ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ, ಪಗಾರಕ್ಕೆ ತಿಂಗಳುಗಟ್ಟಲೆ ಕಾಯಿಸಿ, ವರ್ಷ ಮುಗಿದ ಮೇಲೆ ಕೈಮುಗಿದು ಕಳಿಸಬಹುದಾದವನು.

ಈ ವರ್ಷ ಕಾಲೇಜು ಶುರುವಾದ ವಾರವೇ ಪ್ರಾಚಾರ್ಯರು ಕರೆಸಿದರು. "ನಿಮ್ಮ ಸಬ್ಜೆಕ್ಟಿಗೆ ಹುಡುಗೂರು ಕ್ಲಾಸಿಗೇ ಬರೂದಿಲ್ಲಂತ. ಯಾವಾಗರೆ ಒಂದಿನ ನಾನಾ ಬಂದು ಕುಂತು ನೋಡ್ತೇನಿ. ಮುಂದಿನ ವರ್ಷದ್ದು ಆಮ್ಯಾಲ ವಿಚಾರ ಮಾಡೂಣು" ಎಂದರು.

ಈ ವಯಸ್ಸಿನಲ್ಲಿ, ಈ ಬೋಳುತಲೆ ಹೊತ್ತುಕೊಂಡು, ಮತ್ತೊಂದು ಕಾಲೇಜಿನ ಸಂದರ್ಶನಕ್ಕೆ ಹೋಗಿ ಕೂಡುವ ಧೈರ್ಯ ನನಗಿಲ್ಲ. ಪುಸ್ತಕದೊಳಗಿನ ಇಂಗ್ಲೆಂಡಿನ ಉದಾಹರಣೆಗಳನ್ನು ಬಿಟ್ಟು ನಮ್ಮ ಊರಿನವನ್ನೇ ಹೇಳಬೇಕು ಎಂದು ಅಂದೇ ನಿಶ್ಚಯಿಸಿದೆ. ಅಲ್ಲಿಂದಲೇ ಎಲ್ಲ ಶುರುವಾಯಿತು.

ಬರ್ರಿ, ಊಟಾ ಮಾಡೂಣು

ಮೊದಲ ಪಾಠ ಪ್ರಸ್ತಾಪ ಮತ್ತು ಒಪ್ಪಿಗೆ. ಒಬ್ಬ ಪ್ರಸ್ತಾಪ ಇಟ್ಟು ಇನ್ನೊಬ್ಬ ಒಪ್ಪಿದರೆ ಅಲ್ಲಿಗೆ ಒಪ್ಪಂದವಾಯಿತು. ಆದರೆ ಊಟಕ್ಕೆ ಕರೆಯುವುದು, ಚಹಾಕ್ಕೆ ಕರೆಯುವುದು ಇವೆಲ್ಲ ಕಾಯ್ದೆಯ ಲೆಕ್ಕಕ್ಕೆ ಬರುವುದಿಲ್ಲ, ಇವು ಬರೀ ಸಾಮಾಜಿಕ ಮಾತು ಎಂದು ಹೇಳಿ ಬಂದೆ.

ಅಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಂತು ಬುತ್ತಿ ಬಿಚ್ಚಿದೆ. ಪಕ್ಕದಲ್ಲಿ ಕಟಕೋಳದ ಹಿರಿಯರೊಬ್ಬರು ರಾಮದುರ್ಗದ ಬಸ್ಸಿಗೆ ಕಾಯುತ್ತಿದ್ದರು. ನಮ್ಮ ಕಡೆಯ ರೀತಿ ನಿಮಗೆ ಗೊತ್ತೇ ಇದೆ. ಪಕ್ಕದವರನ್ನು ಕೇಳದೆ ತುತ್ತು ಎತ್ತುವಂತಿಲ್ಲ.

"ಬರ್ರಿ ಯಜಮಾನ್ರ, ಊಟಾ ಮಾಡೂಣು" ಎಂದೆ.

ಇದಕ್ಕೆ ನೂರಕ್ಕೆ ನೂರು ಜನ ಕೊಡುವ ಉತ್ತರ "ನಡೀಲಿ ನಿಮ್ದು" ಎಂದು. ಹಿರಿಯರು ಎದ್ದು ನಳದಲ್ಲಿ ಕೈ ತೊಳೆದುಕೊಂಡು ಬಂದು, "ನೀವು ಇಷ್ಟು ಪ್ರೀತಿಲೆ ಕರದ ಮ್ಯಾಲ ಇಲ್ಲ ಅನಬಾರದು" ಎಂದು ಕುಂತೇಬಿಟ್ಟರು. ಎರಡು ರೊಟ್ಟಿ ಹೋಯಿತು, ಎಣಗಾಯಿ ಪಲ್ಯ ಹೋಯಿತು. ನನ್ನ ಪಾಲಿಗೆ ಒಂದು ರೊಟ್ಟಿ, ಅರ್ಧ ಉಳ್ಳಾಗಡ್ಡಿ.

ಮರುದಿನ ತರಗತಿಯಲ್ಲಿ ಇದನ್ನು ಹೇಳಿ, "ನೋಡ್ರಿ, ಇದು ಕರಾರು ಅಲ್ಲ. ನಾನು ಡಬ್ಬಿ ಮುಚ್ಚಿಟ್ಟಿದ್ದರೂ ಅವರು ಕೋರ್ಟಿಗೆ ಹೋಗಾಕ ಬರತಿದ್ದಿಲ್ಲ" ಎಂದೆ.

ಹಿಂದಿನ ಬೆಂಚಿನವನೊಬ್ಬ ಕೇಳಿದ: "ಹೊಟ್ಟಿ ತುಂಬಿದ ಮ್ಯಾಲ ಕೋರ್ಟಿಗೆ ಯಾರ ಹೊಕ್ಕಾರ್ರಿ ಸರ್? ಹೋಗೂದಿದ್ರ ನೀವಾ ಹೋಗಬೇಕು."

ನಾನು ಕೋರ್ಟಿಗೆ ಹೋಗಲಿಲ್ಲ, ಬಸ್ ಸ್ಟ್ಯಾಂಡಿಗೆ ಹೋದೆ. ಹಿರಿಯರು ಅಲ್ಲೇ ಇದ್ದರು. ನನ್ನನ್ನು ನೋಡಿ ಪ್ರೀತಿಯಿಂದ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, "ಮಾಸ್ತರ್ರ, ನಿನ್ನಿ ಪಲ್ಯಕ್ಕ ಉಪ್ಪು ಒಂದೀಟು ಹೆಚ್ಚಾಗಿತ್ತು. ಮನ್ಯಾಗ ಹೇಳಿದ್ರ್ಯೋ ಇಲ್ಲೋ?" ಎಂದರು.

ಕತ್ತರಿ ಯಾರ ಕೈಯಲ್ಲಿ

ಬುತ್ತಿಯ ಕತೆ ಕೇಳಿದ ಮೇಲೆ ತರಗತಿ ತುಂಬತೊಡಗಿತು. ನಾನೂ ಹುರುಪಿನಿಂದ ಮುಂದಿನ ಪಾಠ ಎತ್ತಿಕೊಂಡೆ. ಹೇಳಿದ ದಿನಕ್ಕೆ ಕೆಲಸ ಮುಗಿಸುವುದೇ ಕರಾರಿನ ಜೀವಾಳವಾಗಿದ್ದರೆ, ತಡವಾದಾಗ ಆ ಕರಾರನ್ನು ರದ್ದು ಮಾಡುವ ಹಕ್ಕು ನಮಗಿದೆ. ಉದಾಹರಣೆಗೆ, ಮದುವೆಗೆ ಹೊಲಿಯಲು ಕೊಟ್ಟ ಬಟ್ಟೆ.

ಈ ಉದಾಹರಣೆ ಕೊಡಬಾರದಾಗಿತ್ತು. ಮೊದಲ ಬೆಂಚಿನ ಹುಡುಗಿಯೊಬ್ಬಳ ಅಕ್ಕನ ಮದುವೆ ಕಿತ್ತೂರಿನಲ್ಲಿ ಗೊತ್ತಾಗಿತ್ತು. ಅದಕ್ಕೆಂದು ಹುಡುಗಿ ಹೊಲಿಯಲು ಕೊಟ್ಟ ಜಂಪರು ಬಜಾರದ ಟೇಲರನ ಹತ್ತಿರ ಬಿದ್ದಿತ್ತು. ಹೋದಾಗಲೆಲ್ಲ ಅವನದು ಒಂದೇ ಮಾತು: "ನಾಳೆ ಬಾ ತಂಗಿ."

ಅವಳು ಅಂದೇ ಸಂಜೆ ಅಂಗಡಿಯೆದುರು ನಿಂತು, "ನೀವು ಟೈಮಿಗೆ ಕೊಟ್ಟಿಲ್ಲ. ಕಾಯ್ದೆ ಪ್ರಕಾರ ನಾ ಕರಾರು ರದ್ದು ಮಾಡೇನಿ. ನನ್ನ ಬಟ್ಟಿ ನನಗ ವಾಪಸ್ ಕೊಡ್ರಿ" ಎಂದಳಂತೆ.

ಟೇಲರ್ ಅವಳ ಮುಂದೆ ಸಿಟ್ಟು ತೋರಿಸಲಿಲ್ಲ. ಮಷೀನು ನಿಲ್ಲಿಸಿ, ಮೂಲೆಯಿಂದ ಒಂದು ಗಂಟು ತೆಗೆದು ಅವಳ ಮುಂದೆ ಬಿಚ್ಚಿದ. "ತಗೋ ತಂಗಿ. ಇದು ಬೆನ್ನು, ಇದು ಎದಿ, ಇವೆರಡು ತೋಳು. ಎಲ್ಲಾ ಕತ್ತರಿಸಿದ್ದು ಐತಿ. ನಿನ್ನ ಬಟ್ಟಿ ಒಂದು ಚೂರೂ ಇಟ್ಟಗೊಂಡಿಲ್ಲ."

ಹುಡುಗಿ ಎರಡು ತೋಳು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಅವನ್ನು ತಿರುಗಿ ಗಂಟಿನಲ್ಲಿಟ್ಟು, "ಅಣ್ಣಾರ, ನಾಳೆ ಬರಲೇನ್ರಿ?" ಎಂದು ಕೇಳಿ ಬಂದಳು.

ಆ ಟೇಲರನೇ ನಮ್ಮ ಪ್ರಾಚಾರ್ಯರ ಕೋಟನ್ನೂ ಹೊಲಿಯುವವನು ಎಂಬುದು ನನಗೆ ಗೊತ್ತಿರಲಿಲ್ಲ. ಎರಡು ದಿನಕ್ಕೆ ಚೇಂಬರಿನಿಂದ ಕರೆ ಬಂತು. "ಏನ್ ಕಲಸಾಕತ್ತೀರಿ ನೀವು? ಹುಡುಗೂರು ಹೋಗಿ ಬಜಾರದಾಗ ಕರಾರು ರದ್ದು ಮಾಡಾಕತ್ತಾವು. ಅಂವ ಸಿಟ್ಟಿಗೆದ್ದು ನನ್ನ ಕೋಟು ಎಲ್ಲಾ ಗಂಟಿನ ಕೆಳಗ ಹಾಕ್ಯಾನ."

ಮುಂದಿನ ವರ್ಷ ಕೈತಪ್ಪಿತು ಎಂದೇ ಅನಿಸಿತು. ತರಗತಿಗೆ ಬಂದರೆ ಆ ಹುಡುಗಿ ಎದ್ದು ನಿಂತಳು. "ಸರ್, ಟೈಮ್ ಮುಖ್ಯ ಅಂತ ನಿಮ್ಮ ಕಾಯ್ದೆ ಹೇಳತೈತಿ, ಖರೆ. ಕತ್ತರಿ ಯಾರ ಕೈಯಾಗ ಐತಿ ಅನ್ನೂದನ್ನ ಹೇಳೂದಾ ಇಲ್ಲಲ್ರಿ!"

ಆಕಳು ಮತ್ತು ಕರು

ನನಗೆ ಪಾಠವನ್ನು ಹಿಂದಿನ ರಾತ್ರಿಯೇ ಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುವ ಚಟ. ಕೇಳುವವಳು ನನ್ನ ಹೆಂಡತಿ. ಅಂದು ಅವಳು ಮೆಂತೆಸೊಪ್ಪು ಸೋಸುತ್ತಿದ್ದಳು. ನಾನು ಹೇಳುತ್ತಿದ್ದೆ: "ಒಬ್ಬ ತನ್ನ ಆಕಳನ್ನು ನೋಡಿಕೊಳ್ಳಲು ಇನ್ನೊಬ್ಬನ ಹತ್ತಿರ ಬಿಡುತ್ತಾನೆ. ಅಲ್ಲಿ ಆಕಳು ಕರು ಹಾಕುತ್ತದೆ. ಆಕಳನ್ನು ತಿರುಗಿ ಕೊಡುವಾಗ ಕರುವನ್ನೂ ಕೊಡಬೇಕು."

ಹೆಂಡತಿ ಸೊಪ್ಪು ಬಿಟ್ಟು ತಲೆ ಎತ್ತಿದಳು. "ಹಂಗಾರ ಹೆಪ್ಪು?"

"ಯಾವ ಹೆಪ್ಪು?"

"ನಿನ್ನಿ ಪ್ರಾಚಾರ್ಯರ ಮನಿಯವ್ರು ನಮ್ಮಲ್ಲಿಂದ ಹೆಪ್ಪು ಒಯ್ದಾರ. ಮೊಸರು ಎಂಥಾ ಗಟ್ಟಿ ಆಗೇತಿ ಅಂತ ಊರಿಗೆಲ್ಲಾ ಹೇಳಾಕತ್ತಾರ. ಕರು ನಮ್ಮದು ಅಂದ್ರ ಮೊಸರೂ ನಮ್ಮದಾ ಆತಿಲ್ಲೋ?"

ಬೈಲಹೊಂಗಲದಲ್ಲಿ ನಮ್ಮದೂ ಪ್ರಾಚಾರ್ಯರದೂ ಒಂದೇ ಓಣಿ. ಸವದತ್ತಿಗೆ ಅವರು ಕಾರಿನಲ್ಲಿ ಹೋಗುತ್ತಾರೆ, ನಾನು ಬಸ್ಸಿನಲ್ಲಿ. ಹೆಪ್ಪು ಕೊಟ್ಟದ್ದು ಕೊಟ್ಟದ್ದೇ, ಅದನ್ನು ಯಾರೂ ತಿರುಗಿ ಕೇಳುವುದಿಲ್ಲ, ಆಕಳ ಮಾತು ಬೇರೆ ಎಂದು ಅರ್ಧ ತಾಸು ವಿವರಿಸಿದೆ. ಹೆಂಡತಿ ಕೇಳಿದ್ದು ಮೊದಲ ಭಾಗವನ್ನು ಮಾತ್ರ. ಮರುದಿನ ಓಣಿಯ ಹೆಂಗಸರೆಲ್ಲ ಸೇರಿದಾಗ ಪ್ರಾಚಾರ್ಯರ ಹೆಂಡತಿಗೆ ನಗುತ್ತಲೇ, "ಅಕ್ಕಾರ, ಕಾಯ್ದೆ ಪ್ರಕಾರ ನಿಮ್ಮ ಮೊಸರು ನಮ್ಮದಂತ್ರಿ. ನಮ್ಮನಿಯವ್ರು ಹೇಳ್ಯಾರ" ಎಂದುಬಿಟ್ಟಳು.

ಸಂಜೆ ಬಾಗಿಲು ಬಡಿದ ಸಪ್ಪಳ. ತೆಗೆದರೆ ಪ್ರಾಚಾರ್ಯರು. ಲುಂಗಿ, ಬನಿಯನ್ನು, ಎರಡೂ ಕೈಯಲ್ಲಿ ಒಂದು ಬೋಗುಣಿ. ನಾನು ನಮಸ್ಕಾರ ಮಾಡುವುದನ್ನೂ ಮರೆತೆ. ಅವರ ಮುಖದ ಮೇಲೆ ನಗುವಿನ ಸುಳಿವೂ ಇರಲಿಲ್ಲ.

"ತಗೊಳ್ರಿ" ಎಂದು ಬೋಗುಣಿ ನನ್ನ ಕೈಗಿಟ್ಟರು. "ನಿಮ್ಮ ಆಕಳಾ ಕರು ಹಾಕೇತಿ."

ಐಬು ಇದ್ದರೆ ಹೇಳಬೇಕು

ಇಷ್ಟೆಲ್ಲ ಆದ ಮೇಲೆ, ನಾನು ಹೆದರುತ್ತಿದ್ದ ದಿನ ಬಂದೇಬಿಟ್ಟಿತು. ಪ್ರಾಚಾರ್ಯರು ಹೇಳದೆ ಕೇಳದೆ ಬಂದು ಕೊನೆಯ ಬೆಂಚಿನಲ್ಲಿ ಕುಂತರು. ಕೈಯಲ್ಲಿ ಪೆನ್ನು.

ಅಂದಿನ ಪಾಠ, ಕೊಳ್ಳುವವನೇ ಎಚ್ಚರದಿಂದ ಇರಬೇಕು ಎಂಬ ತತ್ವ. ಸರಕನ್ನು ನೋಡಿ, ಕೇಳಿ ಕೊಳ್ಳುವುದು ಕೊಳ್ಳುವವನ ಜವಾಬ್ದಾರಿ. ಮಾರುವವನು ತಾನಾಗಿ ಐಬು ಹೇಳಬೇಕಾಗಿಲ್ಲ. ಆದರೆ ಕೇಳಿದರೆ ಸುಳ್ಳು ಹೇಳುವಂತಿಲ್ಲ. ಇಷ್ಟು ಹೇಳಿ ಪ್ರಶ್ನೆ ಕೇಳಿದೆ. ವರ್ಷವೆಲ್ಲ ನನ್ನ ಬಾಯಿ ಮುಚ್ಚಿಸಿದ ಹುಡುಗರು ಅಂದು ಬಾಯಿಗೆ ಬೀಗ ಹಾಕಿಕೊಂಡು ಕುಂತಿದ್ದರು.

"ದನಾ ತಗೊಳ್ಳುವಾಗ ಏನೇನು ನೋಡ್ತಾರ? ಯಾರರೆ ಹೇಳ್ರೋ" ಎಂದು ಬೇಡಿಕೊಂಡೆ.

ರಾಮದುರ್ಗದ ಕಡೆಯ ಹುಡುಗನೊಬ್ಬ ಎದ್ದ. ಅವನ ಮನೆಯವರು ದನದ ಸಂತೆಯಲ್ಲಿ ದಲಾಲಿ ಮಾಡುವವರು. "ಬರೇ ಬಾಯಿಲೆ ಹೇಳಾಕ ಬರೂದಿಲ್ರಿ, ಮಾಡಿ ತೋರಸ್ತೇನಿ. ಆದ್ರ ತಗೊಳ್ಳಾವರು ಒಬ್ಬರು ಬೇಕು."

ಯಾರೂ ಏಳಲಿಲ್ಲ. ಕೊನೆಯ ಬೆಂಚಿನಿಂದ ದನಿ ಬಂತು. "ನಾ ತಗೋತೇನಿ. ಮಾರೂದು ಏನು?"

ಹುಡುಗ ಮೇಜು ನೋಡಿದ, ಬೋರ್ಡು ನೋಡಿದ, ಕೊನೆಗೆ ನನ್ನನ್ನು ನೋಡಿದ. "ನಮ್ಮ ಸರ್‌ನ್ನಾ ಮಾರತೇನ್ರಿ. ಮುಂದಿನ ವರ್ಷದಿಂದ."

ತರಗತಿ ಸಿಡಿದು ನಕ್ಕಿತು. ನಾನು ಚಾಕ್‌ಪೀಸು ಹಿಡಿದು ನಿಂತಲ್ಲೇ ನಿಂತೆ. ಪ್ರಾಚಾರ್ಯರು ಎದ್ದು ಬಂದು ನನ್ನ ಸುತ್ತ ಒಂದು ಸುತ್ತು ಹಾಕಿದರು. ಅವರೂ ರೈತರ ಮನೆಯಲ್ಲಿ ಹುಟ್ಟಿದವರೇ.

"ಬಾಯಿ ಹೆಂಗ ಐತಿ?"

"ಗಟ್ಟಿ ಐತ್ರಿ. ವರ್ಷಪೂರ್ತಿ ಕೇಳೇವಿ."

"ಒದೀತೈತೇನು?"

"ಒದಿಯೂದಿಲ್ರಿ, ಹಾಯೂದಿಲ್ರಿ. ಪೇಪರ್ ತಿದ್ದುವಾಗ ಅಷ್ಟಾ ಒಂದೀಟು ಹಾಯತಾರ."

"ಸುಳಿ ನೋಡಬೇಕಲ್ಲ. ಸುಳಿ ಚಲೋ ಅದಾವೇನು?"

ಹುಡುಗ ನನ್ನ ತಲೆ ಕಡೆ ನೋಡಿ ನಿಟ್ಟುಸಿರು ಬಿಟ್ಟ. "ಕೂದಲಾ ಇದ್ರಲ್ರಿ ಸುಳಿ ಕಾಣೂದು?"

"ಮೇವು?"

"ಮೇವಿನ ಮಾತು ಕೇಳಬ್ಯಾಡ್ರಿ. ಮೂರು ತಿಂಗಳಿಂದ ನೀವು ಹಾಕಿಲ್ಲ. ಆದ್ರೂ ಹಗ್ಗಾ ಹರಕೊಂಡು ಹೋಗಿಲ್ಲ."

ಪ್ರಾಚಾರ್ಯರಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ, "ಐಬು ಏನರೆ ಐತೋ? ಖರೆ ಹೇಳಬೇಕು" ಎಂದರು.

"ಕೇಳಿದ ಮ್ಯಾಲ ಸುಳ್ಳು ಹೇಳಬಾರದು ಅಂತ ಈಗರೆ ಕಲತೇವಿ. ಒಂದು ಐಬು ಐತ್ರಿ. ಗಂಟಿ ಹೊಡದ್ರೂ ನಿಂದರೂದಿಲ್ಲ."

ಆಮೇಲೆ ಹುಡುಗ ಚೀಲದಿಂದ ಟವೆಲ್ ತೆಗೆದು ಪ್ರಾಚಾರ್ಯರ ಕೈಯ ಮೇಲೆ ಹಾಕಿ, ತನ್ನ ಕೈಯನ್ನೂ ಅದರೊಳಗೆ ಸೇರಿಸಿದ. ನಮ್ಮ ದನದ ಸಂತೆಯ ಪದ್ಧತಿಯೇ ಹಾಗೆ. ಬೆಲೆ ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನೊಳಗೆ ಬೆರಳು ಹಿಡಿದು ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ನನಗೂ ತಿಳಿಯಲಿಲ್ಲ. ಹುಡುಗ ಏನನ್ನೋ ಹಿಡಿದ. ಪ್ರಾಚಾರ್ಯರು ಹುಬ್ಬು ಗಂಟಿಕ್ಕಿ ತಲೆ ಅಲ್ಲಾಡಿಸಿದರು. ಕೈ ಕಿತ್ತುಕೊಳ್ಳಲು ನೋಡಿದರು, ಹುಡುಗ ಬಿಡಲಿಲ್ಲ. ಟವೆಲ್ಲು ಒಳಗೊಳಗೇ ಕುಣಿಯಿತು. ನನ್ನ ಮನೆ, ಮಗಳ ಶಾಲೆಯ ಫೀ, ಹೆಂಡತಿಯ ಮುಖ ಎಲ್ಲವೂ ಆ ಟವೆಲ್ಲಿನೊಳಗೇ ಇದ್ದಂತೆ ಅನಿಸಿತು.

"ಆತು!" ಎಂದ ಹುಡುಗ. ಪ್ರಾಚಾರ್ಯರು ಕೈ ಹೊರತೆಗೆದು, ನನ್ನ ಕಡೆ ನೋಡದೆ ಹೊರಟುಹೋದರು.

ನಾನು ಹುಡುಗನ ಬೆನ್ನು ಹತ್ತಿದೆ. "ಏನಾತೋ?"

"ಟವೆಲ್ಲಿನ ಒಳಗಿಂದು ಹೊರಗ ಹೇಳಬಾರದ್ರಿ."

"ಲೇ, ಇರತೇನೋ ಹೋಗತೇನೋ ಅಷ್ಟಾ ಹೇಳೋ!"

"ಪದ್ಧತಿ ಇಲ್ರಿ ಸರ್."

ಅಂದು ಬುತ್ತಿ ಬಿಚ್ಚಲೂ ಮನಸ್ಸಾಗಲಿಲ್ಲ. ಇನ್ನು ತಡೆಯಲಾರೆ ಎಂದು ನಾನೇ ಚೇಂಬರಿಗೆ ಹೋದೆ. ಪ್ರಾಚಾರ್ಯರು ಕನ್ನಡಕ ತೆಗೆದಿಟ್ಟರು. "ಅಂವ ಮೂರು ಬೆರಳು ಹಿಡದು ಮೂರು ವರ್ಷ ಅಂದ. ನಾ ಒಂದು ಅಂದೆ. ಬಿಡಲಿಲ್ಲ ಸೂಳಿಮಗ, ಬೆರಳು ಮುರಿಯೂ ಹಂಗ ಹಿಚಕಿದ. ಎರಡು ವರ್ಷಕ್ಕ ಮುಗೀತು. ಆಡಳಿತ ಮಂಡಳಿಗೆ ನಾ ಬರದು ಕೊಡತೇನಿ. ಮೇವಿಂದೂ ಈ ವಾರ ನೋಡತೇನಿ, ಹೋಗ್ರಿ."

ಸಂತೋಷಕ್ಕೆ ನನ್ನ ಕಣ್ಣು ತುಂಬಿ ಬಂದವು. ಒರೆಸಿಕೊಳ್ಳುತ್ತ ಹೊರಗೆ ಬಂದರೆ, ಬಾಗಿಲ ಹತ್ತಿರವೇ ಆ ಹುಡುಗ ನಿಂತಿದ್ದ.

"ಸರ್, ದಲಾಲಿ ಎರಡೂ ಕಡಿಂದ ಬರಬೇಕ್ರಿ. ಪ್ರಿನ್ಸಿಪಾಲ್ ಸರ್ ಒಂದು ಪ್ಲೇಟ್ ಗಿರ್ಮಿಟ್ ಕೊಡಸ್ಯಾರ. ನಿಮ್ಮ ಕಡಿಂದ ಮಿರ್ಚಿ ಭಜಿ ಬಾಕಿ ಐತಿ."

ನನ್ನೊಳಗಿನ ಕಾಯ್ದೆ ಮಾಸ್ತರ ಎಚ್ಚೆತ್ತ. "ದಲಾಲಿ ಕೊಡೂದು ಮಾರಿದ ಧಣಿ ಮತ್ತ ತಗೊಂಡ ಧಣಿ. ನಾ ಧಣಿ ಅಲ್ಲ, ನಾ ಎತ್ತು. ಲೋಕದಾಗ ಎಲ್ಲೆರೆ ಎತ್ತು ದಲಾಲಿ ಕೊಟ್ಟದ್ದು ನೋಡೀಯೇನಲೇ?"

ಹುಡುಗ ನಿಂತು ವಿಚಾರ ಮಾಡಿದ.

"ಇಲ್ರಿ ಸರ್, ನೋಡಿಲ್ಲ. ಆದ್ರ 'ನನ್ನ ವ್ಯಾಪಾರ ಏನಾತು, ನನ್ನ ವ್ಯಾಪಾರ ಏನಾತು' ಅಂತ ದಲಾಲನ ಬೆನ್ನ ಹತ್ತಿದ ಎತ್ತನ್ನೂ ನಾ ಇವತ್ತಾ ನೋಡಿದ್ದು."

ಮಿರ್ಚಿ ಕೊಡಿಸಿದೆ.