ಸೋಮವಾರದವಳ ಮಂಗಳವಾರ

ತನಗೆ ಆಗುತ್ತಿರುವುದು ಹೊಟ್ಟೆಕಿಚ್ಚೇ ಇರಬೇಕು ಎಂದು ಅಜೋವಾ ಅಂದು ಬೆಳಿಗ್ಗೆ ತನ್ನಷ್ಟಕ್ಕೆ ಒಪ್ಪಿಕೊಂಡಳು. ನಾಳೆ ಚರ್ಚಿನ ಹಬ್ಬ, ಹುಟ್ಟಿದ ವಾರದ ಪ್ರಕಾರ ಗುಂಪು ಗುಂಪಾಗಿ ಕುಣಿತ. ಅವರ ಊರಾದ ಕುಮಾಸಿಯಲ್ಲಿ ಹುಟ್ಟಿದ ವಾರವೇ ಹೆಸರು. ಸೋಮವಾರ ಹುಟ್ಟಿದ್ದಕ್ಕೆ ಅವಳು ಅಜೋವಾ. ಡೋಲಿನ ಕ್ವಾಬೆನಾ ಮಂಗಳವಾರದವನು. ಅವನಿಗೆ ಗಾಳಿ ಬೀಸುತ್ತ ನಿಲ್ಲುವ ಅಬೆನಾಳೂ ಮಂಗಳವಾರದವಳೇ.

“ನಿಮ್ಮ ಗುಂಪಲ್ಲಿ ಡೋಲು ಹೊಡೆಯೋರೇ ಇಲ್ವಂತೆ, ಪಾಪ. ನಮ್ಮದನ್ನೇ ಕೇಳಿಸ್ಕೊಂಡು ಕುಣೀರಿ,” ಎಂದಿದ್ದಳು ಅಬೆನಾ. ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಕೂತಿತ್ತು.

ಡಿಗ್ರಿ ಮುಗಿಸಿ ಚರ್ಚಿನ ಆಫೀಸಿಗೆ ಸೇರಿದ್ದ ಅಜೋವಾಳೇ ಗುಂಪುಗಳ ಪಟ್ಟಿ ಮಾಡಬೇಕಿತ್ತು. ಹುಟ್ಟಿದ ತಾರೀಕು ಕೊಟ್ಟರೆ ಎಕ್ಸೆಲ್ ವಾರವನ್ನು ಅಂಕಿಯಲ್ಲಿ ಹೇಳುತ್ತದೆ: ಭಾನುವಾರ ಒಂದು, ಸೋಮವಾರ ಎರಡು. ಯಾವ ಅಂಕಿಗೆ ಯಾವ ವಾರದ ಹೆಸರು ಎಂದು ಸೂತ್ರದಲ್ಲಿ ಬರೆಯುವುದು ಮನುಷ್ಯರ ಕೆಲಸ. ಅಜೋವಾ ಬೇಕೆಂದೇ ಒಂದಕ್ಕೆ ಸೋಮವಾರ, ಎರಡಕ್ಕೆ ಮಂಗಳವಾರ ಎಂದು ಬರೆಯುತ್ತ ಹೋದಳು. ಅವಳ ಎದುರು ಮಂಗಳವಾರ ಬಂತು, ಅಬೆನಾಳ ಎದುರು ಬುಧವಾರ. ಅವಳು ನೋಡಿದ್ದು ಆ ಎರಡು ಸಾಲು ಮಾತ್ರ. ಕೇಳಿದವರಿಗೆ ಕಂಪ್ಯೂಟರ್ ತೋರಿಸಿದರಾಯಿತು.

ಪಟ್ಟಿ ಬಾಗಿಲಿಗೇರಿದ್ದೇ ತಡ, ಅಂಗಳದಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು.

ಕರಿದ ಬಾಳೆಹಣ್ಣು ಮಾರುವ ಅಕುವಾ ಆಂಟಿ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಹುಟ್ಟಿದಾಗಿಂದ ನಾನು ಬುಧವಾರದ ಅಕುವಾ. ಈಗ ಗುರುವಾರದವಳಂತೆ. ನಮ್ಮವ್ವ ನನ್ನ ಹೆರೋವಾಗ ನಿನ್ನ ಕಂಪ್ಯೂಟರೇ ಸೂಲಗಿತ್ತಿ ಆಗಿತ್ತೇನೇ ಹುಡುಗಿ?”

“ಇನ್ಮೇಲೆ ಯಾರಾದ್ರೂ ನನ್ನ ಹೆಸರು ಕೂಗಿದ್ರೆ ತಿರುಗಿ ನೋಡ್ಲೋ ಬೇಡ್ವೋ?” ಎಂದು ಹಿಂದಿನಿಂದ ಒಬ್ಬ ಕೇಳಿದ.

ಪಾಸ್ಟರ್ ಇಕ್ಕಟ್ಟಿಗೆ ಸಿಕ್ಕಿಕೊಂಡರು. ಆ ಕಂಪ್ಯೂಟರ್ ಬೇಕೇ ಬೇಕೆಂದು ಎಲ್ಲರನ್ನೂ ಕಾಡಿ ತರಿಸಿದ್ದವರು ಅವರೇ. “ಯಂತ್ರ ತಪ್ಪು ಹೇಳಲ್ಲ. ಪಟ್ಟೀಲಿ ಇರೋ ಹಾಗೇ ನಿಂತ್ಕೊಳ್ಳಿ, ಅಭ್ಯಾಸ ಶುರುವಾಗ್ಲಿ,” ಎಂದರು.

ಅಜೋವಾ ಓಡಿಹೋಗಿ ಮಂಗಳವಾರದ ಬಾವುಟದ ಕೆಳಗೆ ನಿಂತು, ಬಟ್ಟೆ ಸರಿಮಾಡಿಕೊಂಡು, ಮೆಲ್ಲನೆ ಪಕ್ಕಕ್ಕೆ ತಿರುಗಿದಳು. ನಿನ್ನೆಯವರೆಗೆ ಸೋಮವಾರದಲ್ಲಿದ್ದ ಮುಖಗಳೆಲ್ಲ, ಒಂದೂ ಬಿಡದೆ, ಅವಳ ಸುತ್ತಲೇ ಇದ್ದವು. ಸೂತ್ರ ಇಡೀ ಸಭೆಯನ್ನೇ ಒಂದು ದಿನ ಮುಂದಕ್ಕೆ ತಳ್ಳಿತ್ತು. ಆಚೆ ಬುಧವಾರದ ಬಾವುಟದಡಿ ಕ್ವಾಬೆನಾ ಡೋಲು ಇಳಿಸುತ್ತಿದ್ದ. ಅಬೆನಾ ಅವನಿಗೆ ಗಾಳಿ ಬೀಸುತ್ತಿದ್ದಳು.

“ವಾರ ಬದಲಾದ್ರೂ ನಮ್ಮಿಬ್ಬರನ್ನ ಒಟ್ಟಿಗೇ ಇಟ್ಟಿದ್ದೀಯಲ್ಲೇ,” ಎಂದಳು ಅಬೆನಾ. “ನಿನ್ನ ಮನಸ್ಸು ದೊಡ್ಡದು ಕಣೇ.”

“ದೊಡ್ಡದಲ್ಲ,” ಎಂದಳು ಅಜೋವಾ, ಪಾಸ್ಟರ್‌ಗೂ ಕ್ವಾಬೆನಾನಿಗೂ ಕೇಳುವಷ್ಟು ಗಟ್ಟಿಯಾಗಿ. “ನಿನ್ನ ಅವನಿಂದ ದೂರ ಮಾಡೋಕ್ಕೇ ಅಂತ ಮಾಡಿದ್ದು.”