ಮಾವನಾಗುವವನ ಫ್ರೆಂಚು

ಜಾಕ್ಮೆಲ್‌ನಲ್ಲಿ ನನ್ನಷ್ಟು ನೆಟ್ಟಗೆ ಪ್ಯಾಂಟು ಹೊಲಿಯುವ ದರ್ಜಿ ಇನ್ನೊಬ್ಬನಿಲ್ಲ. ಅಂಥವನಿಗೆ ಫ್ರೆಂಚು ಯಾವ ಮಹಾ ವಿದ್ಯೆ! ಮಗಳು ರೋಸ್‌ಮಿತಾಳನ್ನು ಕೇಳಲು ಗಂಡಿನವರು ಮುಂದಿನ ತಿಂಗಳು ಬರುವವರಿದ್ದರು. ಹೆಣ್ಣು ಕೇಳುವ ಪತ್ರಕ್ಕೆ ರಿಬ್ಬನ್ನು ಕಟ್ಟಿ ತಂದು, ಎದ್ದು ನಿಂತು, ಅವರು ಫ್ರೆಂಚಿನಲ್ಲೇ ಓದಬೇಕು; ಹೆಣ್ಣಿನ ಅಪ್ಪ ಫ್ರೆಂಚಿನಲ್ಲೇ ಉತ್ತರಿಸಬೇಕು. ದಿನವಿಡೀ ಕ್ರಿಯೋಲ್‌ನಲ್ಲಿ ಜಗಳವಾಡುವ ನಾವು ಹೈಟಿಯವರು ಆ ಹತ್ತು ನಿಮಿಷ ಮಾತ್ರ ಪ್ಯಾರಿಸ್ಸಿನವರು!

"ಇವತ್ತಿಂದ ಈ ಮನೇಲಿ ಫ್ರೆಂಚ್ ಬಿಟ್ಟು ಬೇರೆ ಮಾತು ಕೂಡದು. ದಿನಾ ಆಡಿದ್ರೆ ತಾನಾಗೇ ಬರುತ್ತೆ!" ಎಂದು ಘೋಷಿಸಿದೆ.

ಹೆಂಡತಿ ಕ್ಲೆರ್ಮಾನ್ಸಿಯಾ ತಟ್ಟೆ ಹಿಡಿದೇ ಕೇಳಿದಳು: "ಆಗ್ಲಿ. ಈ ಅಣಬೆ ಅನ್ನಕ್ಕೆ ಫ್ರೆಂಚಲ್ಲಿ ಏನಂತಾರ್ರೀ?"

ತಡವರಿಸಿದೆ. ತಟ್ಟೆ ಅಡುಗೆಮನೆಗೆ ವಾಪಸ್ ಹೋಯಿತು.

ಹೊಟ್ಟೆ ಕೇಳಬೇಕಲ್ಲ! ಒಂದೇ ಒಂದು ಫ್ರೆಂಚ್ ವಾಕ್ಯವನ್ನು ಉಜ್ಜಿ ಉಜ್ಜಿ ಹೊಳಪು ಮಾಡಿಕೊಂಡೆ: "ಅವಶ್ಯವಾಗಿ, ಮಾನ್ಯರೇ!" ಬೇಡ ಎಂದರೆ ಯಾಕೆಂದು ವಿವರಿಸಬೇಕು, ಅದೂ ಫ್ರೆಂಚಿನಲ್ಲಿ. "ಕಾಫಿ ಆರಿದೆ, ಕುಡೀತೀರಾ?" "ಅವಶ್ಯವಾಗಿ, ಮಾನ್ಯರೇ!" "ನಮ್ಮಕ್ಕ ಎರಡು ವಾರ ಬಂದಿರ್ಲಾ?" "ಅವಶ್ಯವಾಗಿ, ಮಾನ್ಯರೇ!" ಹೆಂಡತಿಯೂ ಮಾನ್ಯರೇ, ಮೇಕೆಯೂ ಮಾನ್ಯರೇ!

ಗಂಡಿನವರು ಬರುವ ಭಾನುವಾರ ಬಂದೇಬಿಟ್ಟಿತು. ಹುಡುಗ ಎಲಿಫೆಟ್, ಜೊತೆಗೆ ಅವನ ಸೋದರಮಾವ ಡೆಲಿನ್ವಾ ಮೇಷ್ಟ್ರು. ಮೇಷ್ಟ್ರು ಕನ್ನಡಕ ಏರಿಸಿ ಪತ್ರ ಓದಿದರು. ನನಗೆ ಒಂದಕ್ಷರ ಅರ್ಥವಾದರೆ ಕೇಳಿ! ಆದರೂ ಅವರು ಉಸಿರು ತೆಗೆದುಕೊಂಡಾಗಲೆಲ್ಲ ಗಂಭೀರವಾಗಿ ತಲೆಯಾಡಿಸಿದೆ. ಕೊನೆಗೆ ನನ್ನನ್ನೇ ನೋಡಿ ಏನೋ ಕೇಳಿದರು.

"ಅವಶ್ಯವಾಗಿ, ಮಾನ್ಯರೇ!" ಎದೆಯುಬ್ಬಿಸಿ ಗುಡುಗಿದೆ.

ಮೇಷ್ಟ್ರು ಪತ್ರ ಮಡಚಿದರು. ಹುಡುಗನ ಮುಖ ಇಷ್ಟೇ ಇಷ್ಟಾಯಿತು. ಶಾಲೆಯಲ್ಲಿ ಫ್ರೆಂಚು ಕಲಿತಿದ್ದ ರೋಸ್‌ಮಿತಾ ಅಳತೊಡಗಿದಳು: "ಅಪ್ಪಾ! 'ಈ ಮದುವೆಗೆ ನಿಮ್ಮ ಆಕ್ಷೇಪಣೆ ಇದೆಯಾ' ಅಂತ ಅವ್ರು ಕೇಳಿದ್ದು!"

ಗಂಡಿನವರು ಆಗಲೇ ಬಾಗಿಲ ಹತ್ತಿರ. ಫ್ರೆಂಚಿನಲ್ಲಿ ತಡೆಯೋಣವೆಂದರೆ ನನ್ನ ಬಾಯಲ್ಲಿದ್ದದ್ದು ಅದೊಂದೇ ವಾಕ್ಯ!

ಕ್ಲೆರ್ಮಾನ್ಸಿಯಾ ಅಡ್ಡ ನಿಂತು ಅಪ್ಪಟ ಕ್ರಿಯೋಲ್‌ನಲ್ಲಿ ಕೂಗಿದಳು: "ನಿಲ್ಲಿ ಮೇಷ್ಟ್ರೇ! ಈ ಮನುಷ್ಯನಿಗೆ ಫ್ರೆಂಚೂ ಬರಲ್ಲ, ಮಣ್ಣೂ ಬರಲ್ಲ. ಮೇಕೆಗೂ ಹೀಗೇ ಅಂತಾರೆ. ಹುಡುಗಿ ನಿಮ್ಮೋಳೇ. ಬನ್ನಿ, ಊಟ ಆರುತ್ತೆ!"

ಮೇಷ್ಟ್ರು ಬೆವರು ಒರೆಸಿಕೊಂಡು ಕ್ರಿಯೋಲ್‌ಗೇ ಇಳಿದರು. "ಬದುಕಿಸಿದ್ರಿ ತಾಯಿ! ಆ ಪತ್ರ ತಪ್ಪಿಲ್ಲದೆ ಓದೋಕೆ ಮೂರು ವಾರ ಕನ್ನಡಿ ಮುಂದೆ ನಿಂತಿದ್ದೆ."

ಎಲ್ಲರೂ ನಗುತ್ತಾ ಊಟಕ್ಕೆ ಕೂತರು. ನಾನು ಹೆಂಡತಿಯ ಕಿವಿಯಲ್ಲಿ ಗೊಣಗಿದೆ: "ಅರ್ಥ ಆಗ್ದೆ ಹೂಂ ಅಂದೋನು ನಾನೊಬ್ನೇ ಏನೇ?"

"ನೀವೊಬ್ರೇ ಯಾಕೆ? ಇಪ್ಪತ್ತಾರು ವರ್ಷದ ಹಿಂದೆ ನಿಮ್ಮೋರು ನನ್ನ ಕೇಳೋಕೆ ಬಂದು ಪತ್ರ ಓದಿದಾಗ ನಮ್ಮಪ್ಪಂಗೂ ಒಂದಕ್ಷರ ಅರ್ಥವಾಗಿರ್ಲಿಲ್ಲ. ಪಾಪ, ತಲೆಯಾಡಿಸಿಬಿಟ್ರು!"